ಶುಕ್ರವಾರ ರಾತ್ರಿಯ ಓದುಗ

ಫ್ರಾನ್ಸಿನಲ್ಲಿ 1975ರಿಂದ 1990ರ ವರೆಗೆ ಶುಕ್ರವಾರದ ರಾತ್ರಿಗೆ ಒಂದು ವಿಶೇಷವಿತ್ತು. ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿ ದೂರದರ್ಶನದ ಎರಡನೆಯ ವಾಹಿನಿಯಲ್ಲಿ ರಖ್ಮಾನಿನಫ್ ಅವರ ಪಿಯಾನೋ ಕೃತಿಯೊಂದರ ತುಣುಕು ಮೊಳಗುತ್ತಿತ್ತು. ಅದು ನಿಂತೊಡನೆ, ಗುರುತಿನ ಚೀಟಿಗಳನ್ನು ತುರುಕಿದ ಪುಸ್ತಕವೊಂದನ್ನು ಕೈಯಲ್ಲಿ ಹಿಡಿದು, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡ ಗೃಹಸ್ಥರೊಬ್ಬರು ಕಾಣಿಸಿಕೊಳ್ಳುತ್ತಿದ್ದರು. ಅವರ ಸುತ್ತ ಐದಾರು ಮಂದಿ ಲೇಖಕರು. ಮುಂದೆ ಒಂದೂಕಾಲು ಗಂಟೆಯ ಕಾಲ ಮಾತು, ಬರಿಯ ಮಾತು. ಹಾಡಿಲ್ಲ, ನೃತ್ಯವಿಲ್ಲ, ಚಿತ್ರದ ತುಣುಕುಗಳ ಅಲಂಕಾರವಿಲ್ಲ. ಇದನ್ನು ಸಾಮಾನ್ಯವಾಗಿ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಜನ ಕುಳಿತು ನೋಡುತ್ತಿದ್ದರೆಂದರೆ ನಂಬುವುದು ಕಷ್ಟ. ಮರುದಿನ ಬೆಳಗ್ಗೆ ಅವರಲ್ಲಿ ಎಷ್ಟೋ ಮಂದಿ ಪುಸ್ತಕದಂಗಡಿಗೆ ಹೋಗಿ, ನಿನ್ನೆ ರಾತ್ರಿ ಮಾತಾಡಿದವರ ಪುಸ್ತಕ ಕೊಡಿ ಎಂದು ಕೇಳುತ್ತಿದ್ದರು. ಹೆಸರು ನೆನಪಿಲ್ಲದವರು ಆ ಲೇಖಕರ ಗಡ್ಡವನ್ನೋ ಅಂಗಿಯನ್ನೋ ವರ್ಣಿಸುತ್ತಿದ್ದಿರಬೇಕು.

ಆ ಗೃಹಸ್ಥರ ಹೆಸರು ಬೆರ್ನಾರ್ ಪಿವೊ. 2024ರ ಮೇ 6ರಂದು, ಎಂಬತ್ತೊಂಬತ್ತನೆಯ ಹುಟ್ಟುಹಬ್ಬದ ಮರುದಿನವೇ, ಅವರು ತೀರಿಕೊಂಡರು. ಸಂದರ್ಶಕ, ಪತ್ರಕರ್ತ, ಲೇಖಕ, ಭಾಷೆಯ ಕಾವಲುಗಾರ ಎಂದು ಅನೇಕ ಬಿರುದುಗಳು ಅವರಿಗೆ ಸಂದಿವೆ. ಅವರು ತಮ್ಮನ್ನು ಕರೆದುಕೊಂಡದ್ದು ಮಾತ್ರ ಓದುಗನೆಂದು. ವಿಮರ್ಶಕನೆಂಬ ಮಾತನ್ನು ಅವರು ಒಪ್ಪುತ್ತಿರಲಿಲ್ಲ. ಈ ಒಂದು ನಿರಾಕರಣೆಯಲ್ಲಿ ಅವರ ಯಶಸ್ಸಿನ ಗುಟ್ಟೂ ಇದೆ, ಅವರ ಜೀವನದ ಅತಿ ದೊಡ್ಡ ಎಡವಟ್ಟಿನ ಕಾರಣವೂ ಇದೆ ಎಂದು ನನಗೆ ತೋರುತ್ತದೆ. ಶ್ರೋತೃಗಳ ಮುಂದೆ ಅದನ್ನೇ ಸ್ವಲ್ಪ ಬಿಡಿಸಿ ಹೇಳಬೇಕೆಂದಿದ್ದೇನೆ.

ಪಿವೊ ಹುಟ್ಟಿದ್ದು 1935ರಲ್ಲಿ, ಲಿಯೋನ್ ನಗರದಲ್ಲಿ. ತಂದೆತಾಯಿಗಳದು ದಿನಸಿ ಅಂಗಡಿ. ಎರಡನೆಯ ಮಹಾಯುದ್ಧ ಬಂದು ತಂದೆ ಜರ್ಮನರ ಕೈಯಲ್ಲಿ ಸೆರೆಯಾದರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ದ್ರಾಕ್ಷಿತೋಟಗಳ ನಾಡಾದ ಬೊಜೊಲೆಯಲ್ಲಿ, ಕೆನ್ಸಿಯೆ ಎಂಬ ಹಳ್ಳಿಗೆ ಬಂದರು. ಆ ಮನೆಯಲ್ಲಿ ಹುಡುಗನ ಕೈಗೆ ಸಿಕ್ಕಿದ ಪುಸ್ತಕಗಳು ಎರಡೇ: ಒಂದು ಲಾರೂಸ್ ನಿಘಂಟು, ಇನ್ನೊಂದು ಲಾ ಫೋಂತೇನ್ ಕವಿಯ ನೀತಿಕಥೆಗಳು. ಕಥೆಯಲ್ಲಿ ತಿಳಿಯದ ಮಾತು ಬಂದರೆ ನಿಘಂಟನ್ನು ತೆರೆಯುವುದು, ನಿಘಂಟು ಬೇಸರವಾದರೆ ಕಥೆಗೆ ಮರಳುವುದು. ವಿಶ್ವವಿದ್ಯಾಲಯದ ಪಾಂಡಿತ್ಯ ಅವರಿಗೆ ಬರಲಿಲ್ಲ. ಬಂದದ್ದು ಪದಗಳ ರುಚಿ. ಪ್ಯಾರಿಸಿನಲ್ಲಿ ಪತ್ರಿಕೋದ್ಯಮ ಕಲಿತು 1958ರಲ್ಲಿ 'ಫಿಗಾರೊ ಲಿತೆರೇರ್' ಎಂಬ ಸಾಹಿತ್ಯ ಸಾಪ್ತಾಹಿಕವನ್ನು ಸೇರಿದರು. ಆ ಕೆಲಸ ಸಿಕ್ಕಿದ್ದು ಸಾಹಿತ್ಯಜ್ಞಾನದಿಂದಲ್ಲ, ಊರಿನ ದ್ರಾಕ್ಷಾರಸದ ವಿಚಾರ ಬಲ್ಲವನೆಂಬ ಕಾರಣದಿಂದ ಎಂದು ಅವರೇ ನಗುತ್ತ ಹೇಳಿಕೊಂಡಿದ್ದಾರೆ. ಮರುವರ್ಷ ಒಂದು ಕಾದಂಬರಿಯನ್ನೂ ಬರೆದರು. ಅದು ಅವರಿಗೆ ಹೆಸರು ತರಲಿಲ್ಲ. ಮತ್ತೆ ಬಹುಕಾಲ ಅವರು ಆ ಗೋಜಿಗೆ ಹೋಗಲಿಲ್ಲ. ಬರೆಯುವವರನ್ನು ಕಂಡು ಹೊಟ್ಟೆಕಿಚ್ಚುಪಡದೆ ಅಚ್ಚರಿಪಡುವ ಗುಣ ಅವರಿಗೆ ಬಂದುದು ಈ ಸೋಲಿನಿಂದಲೇ ಇದ್ದೀತು.

ದೂರದರ್ಶನದಲ್ಲಿ ಪುಸ್ತಕದ ಮಾತನ್ನು ಮೊದಲು ತಂದವರು ಪಿವೊ ಅಲ್ಲ. 1953ರಿಂದ 1968ರ ವರೆಗೆ ಪಿಯೆರ್ ದ್ಯುಮಾಯೆ ಮತ್ತು ಸಂಗಡಿಗರು 'ಎಲ್ಲರಿಗೂ ಓದು' ಎಂಬರ್ಥದ ಹೆಸರಿನ ಕಾರ್ಯಕ್ರಮವೊಂದನ್ನು ನಡೆಸಿದ್ದರು. ಒಬ್ಬ ಲೇಖಕ, ಒಬ್ಬ ಸಂದರ್ಶಕ, ನಡುವೆ ಮೌನಕ್ಕೂ ಜಾಗವಿದ್ದ ಸಂಭಾಷಣೆ. ಪಿವೊ ಮಾಡಿದ ಬದಲಾವಣೆ ನೋಡುವುದಕ್ಕೆ ಸಣ್ಣದು, ಪರಿಣಾಮದಲ್ಲಿ ದೊಡ್ಡದು. ಅವರು ಒಂದು ವಿಷಯವನ್ನು ಆರಿಸಿಕೊಂಡು, ಅದಕ್ಕೆ ಹೊಂದುವ ಐದಾರು ಪುಸ್ತಕಗಳ ಲೇಖಕರನ್ನು ಒಟ್ಟಿಗೆ ಕೂರಿಸಿದರು. ಒಬ್ಬರ ಪುಸ್ತಕವನ್ನು ಮತ್ತೊಬ್ಬರು ಓದಿ ಬಂದು ಮಾತಾಡುವಂತೆ ಮಾಡಿದರು. ಹೀಗೆ ಸಂದರ್ಶನ ಗೋಷ್ಠಿಯಾಯಿತು. ಮೇಲಾಗಿ ಅದು ನೇರ ಪ್ರಸಾರ. ಆಡಿದ ಮಾತನ್ನು ಕತ್ತರಿಸುವ ಉಪಾಯವಿರಲಿಲ್ಲ.

1973ರಲ್ಲಿ ಅವರು ಆರಂಭಿಸಿದ ಮೊದಲ ಕಾರ್ಯಕ್ರಮದ ಹೆಸರಿನ ಅರ್ಥ 'ಉದ್ಧರಣ ಚಿಹ್ನೆ ತೆರೆಯಿರಿ' ಎಂದು. ಎರಡನೆಯದರ ಹೆಸರು 'ಅಪಾಸ್ತ್ರಾಫ್'. ಇದೂ ಒಂದು ಚಿಹ್ನೆಯೇ. ನಮ್ಮ ವ್ಯಾಕರಣದ ಲೋಪಸಂಧಿಯಲ್ಲಿ ಸ್ವರವೊಂದು ಸದ್ದಿಲ್ಲದೆ ಮಾಯವಾಗುತ್ತದೆ. ಫ್ರೆಂಚರು ಹಾಗೆ ಮಾಯವಾದ ಸ್ವರದ ತಾವಿನಲ್ಲಿ ಒಂದು ಕೊಕ್ಕೆಯನ್ನು ಮೇಲೆ ತೂಗುಹಾಕುತ್ತಾರೆ. ಅದೇ ಮಾತಿಗೆ ಎದುರಿದ್ದವರನ್ನು ಥಟ್ಟನೆ ಕರೆದು ಮಾತಾಡಿಸುವುದು ಎಂಬ ಅರ್ಥವೂ ಉಂಟು. ಒಂದು ಕಾರ್ಯಕ್ರಮಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕುವುದು ಅಪರೂಪ. 1975ರ ಜನವರಿ 10ರಂದು ಅದರ ಮೊದಲ ಸಂಚಿಕೆ ಬಿತ್ತರವಾಯಿತು, 1990ರ ಜೂನ್ 22ರಂದು ಕೊನೆಯದು. ಒಟ್ಟು 724 ಸಂಚಿಕೆಗಳು.

ಈ ಸಂಖ್ಯೆಯ ಹಿಂದಿರುವ ಶ್ರಮವನ್ನು ಗಮನಿಸಬೇಕು. ವಾರಕ್ಕೆ ಐದಾರು ಪುಸ್ತಕ, ಅವುಗಳ ಜೊತೆಗೆ ಅದೇ ಲೇಖಕರ ಹಿಂದಿನ ಕೃತಿಗಳು. ದಿನಕ್ಕೆ ಹತ್ತು ಗಂಟೆಗೂ ಮೀರಿ ಓದುತ್ತಿದ್ದೆನೆಂದು ಪಿವೊ ಹೇಳುತ್ತಿದ್ದರು. ಲೇಖಕರ ಊಟದ ಆಹ್ವಾನಗಳನ್ನೂ ಪ್ರಕಾಶಕರ ಸಂತೋಷಕೂಟಗಳನ್ನೂ ಅವರು ದೂರವಿಟ್ಟರು. ಕಾರ್ಯಕ್ರಮ ಮುಗಿದ ವರ್ಷ ಇತಿಹಾಸಕಾರ ಪಿಯೆರ್ ನೊರಾ ಅವರ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಒಂದು ಪುಸ್ತಕ ಮಾಡಿದರು. ಅದಕ್ಕೆ 'ಓದುವ ಕಸುಬು' ಎಂಬರ್ಥದ ಹೆಸರನ್ನಿಟ್ಟರು. ಕಸುಬೆಂದರೆ ಕಸುಬೇ. ಕುಂಬಾರ ತಿಗರಿಯ ಮುಂದೆ ಕುಳಿತ ಹಾಗೆ ಈ ಮನುಷ್ಯ ಹದಿನೈದು ವರ್ಷ ಪುಸ್ತಕದ ಮುಂದೆ ಕುಳಿತರು. ನಮ್ಮಲ್ಲಿ ಪುಸ್ತಕದ ಹಿಂಬದಿಯ ಬರಹವನ್ನಷ್ಟೇ ನೋಡಿಕೊಂಡು ಬಿಡುಗಡೆಯ ಸಭೆಗೆ ಅಧ್ಯಕ್ಷರಾಗುವ ಮಹನೀಯರಿದ್ದಾರೆ. ಅವರ ಸಂಗತಿ ಇಲ್ಲಿ ಬೇಡ.

ಇಷ್ಟು ಓದಿ ಬಂದರೂ ಅವರು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಓದಿನ ಪ್ರದರ್ಶನವಿರಲಿಲ್ಲ. ಪಂಡಿತನ ಪ್ರಶ್ನೆಯಲ್ಲಿ ಉತ್ತರ ಅರ್ಧ ಅಡಗಿರುತ್ತದೆ. ಉತ್ತರ ಕೊಡುವವನಿಗೆ ಹೌದು ಅಥವಾ ಅಲ್ಲ ಎನ್ನುವುದಷ್ಟೇ ಉಳಿಯುತ್ತದೆ. ಪಿವೊ ಅವರದು ದಿನಸಿ ಅಂಗಡಿಯ ಹುಡುಗನ ಪ್ರಶ್ನೆ. ಇದನ್ನು ಏಕೆ ಬರೆದಿರಿ, ಈ ಪಾತ್ರ ನಿಮ್ಮ ತಂದೆಯವರೇ, ಇದು ನಿಮಗೆ ಸುಖ ಕೊಟ್ಟಿತೇ? ಗಂಭೀರ ವಿದ್ವಾಂಸರು ಇದನ್ನು ಹಗುರವೆಂದರು. ಆದರೆ ಮನೆಯಲ್ಲಿ ಕುಳಿತ ಕಾರಕೂನನಿಗೆ, ಶಾಲಾ ಉಪಾಧ್ಯಾಯಿನಿಗೆ ಕೇಳಬೇಕೆನಿಸಿದ್ದೂ ಅದೇ ಪ್ರಶ್ನೆ. 1980ರಲ್ಲಿ ವ್ಲಾದಿಮಿರ್ ಜಾಂಕೆಲೆವಿಚ್ ಎಂಬ ತತ್ತ್ವಜ್ಞಾನಿ ಬಂದು ಮಾತಾಡಿದರು. ಬಹುಕಾಲ ಬೆರಳೆಣಿಕೆಯ ಓದುಗರಿಗಷ್ಟೇ ಪರಿಚಿತರಾಗಿದ್ದ ವೃದ್ಧರು ಅವರು. ಅವರ ಕಠಿನ ಗ್ರಂಥಕ್ಕಾಗಿ ಜನ ಅಂಗಡಿಗಳಿಗೆ ಮುಗಿಬಿದ್ದರು. ಮಾತು ತಡವರಿಸುತ್ತ, ವಾಕ್ಯವನ್ನು ಮುಗಿಸಲಾರದೆ ಒದ್ದಾಡುತ್ತಿದ್ದ ಪಾತ್ರಿಕ್ ಮೊದಿಯಾನೊ ಅವರನ್ನು ಪಿವೊ ಮತ್ತೆ ಮತ್ತೆ ಕರೆದರು, ಕಾಯುತ್ತ ಕುಳಿತರು. ಮಾತು ಬಾರದವರಿಗೂ ಮಾತಿನ ಪೆಟ್ಟಿಗೆಯಲ್ಲಿ ಸ್ಥಳವಿದೆಯೆಂದು ತೋರಿಸಿಕೊಟ್ಟದ್ದು ಸಾಮಾನ್ಯವಲ್ಲ. 2014ರಲ್ಲಿ ಮೊದಿಯಾನೊ ಅವರಿಗೆ ನೊಬೆಲ್ ಬಹುಮಾನ ಬಂದಿತು.

ಕೆಲವೊಮ್ಮೆ ಕಾರ್ಯಕ್ರಮ ಒಬ್ಬರಿಗೇ ಮೀಸಲಾಗುತ್ತಿತ್ತು. 1979ರಲ್ಲಿ ಪಿವೊ ಅಮೆರಿಕದ ಕಡಲತೀರದ ದ್ವೀಪವೊಂದಕ್ಕೆ ಹೋಗಿ ಮಾರ್ಗರೀತ್ ಯೂರ್ಸನಾರ್ ಅವರನ್ನು ಮಾತಾಡಿಸಿದರು. ಮರುವರ್ಷ ಆಕೆ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆಯಾದರು. 1983ರಲ್ಲಿ, ದೇಶಭ್ರಷ್ಟರಾಗಿ ಅಮೆರಿಕದ ವರ್ಮಾಂಟಿನಲ್ಲಿದ್ದ ಸೊಲ್ಜೆನಿತ್ಸಿನ್ ಅವರ ಮನೆಯ ಬಾಗಿಲನ್ನು ತಟ್ಟಿದರು. 1984ರ ಸೆಪ್ಟೆಂಬರಿನಲ್ಲಿ ಮಾರ್ಗರೀತ್ ದ್ಯುರಾಸ್ ತಮ್ಮ 'ಪ್ರೇಮಿ' ಕಾದಂಬರಿಯನ್ನಲ್ಲದೆ ತಮ್ಮ ಕುಡಿತದ ವಿಚಾರವನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ನವೆಂಬರಿನಲ್ಲಿ ಆ ಕಾದಂಬರಿಗೆ ಗೊಂಕೂರ್ ಬಹುಮಾನ ಬಂದಿತು. ಎಲ್ಲರೂ ಇಷ್ಟು ಮರ್ಯಾದೆಯಿಂದ ಇದ್ದರೆಂದಲ್ಲ. 1978ರಲ್ಲಿ ಅಮೆರಿಕದ ಲೇಖಕ ಚಾರ್ಲ್ಸ್ ಬುಕೋವ್‌ಸ್ಕಿ ನೇರ ಪ್ರಸಾರದ ನಡುವೆಯೇ ಸೀಸೆಗೆ ಬಾಯಿ ಹಚ್ಚಿ ಕುಡಿದು, ತೂರಾಡುತ್ತ ಎದ್ದು ಹೋದರು. ಅವರ ಪುಸ್ತಕಗಳೂ ಚೆನ್ನಾಗಿಯೇ ಖರ್ಚಾದವು!

ಎಲ್ಲಕ್ಕಿಂತ ನೆನಪಿಡಬೇಕಾದದ್ದು 1975ರ ಮೇ 30ರಂದು ವ್ಲಾದಿಮಿರ್ ನಬೊಕೊವ್ ಬಂದ ಸಂಚಿಕೆ. ಪ್ರಶ್ನೆಗಳನ್ನು ಮೊದಲೇ ಕಳುಹಿಸಬೇಕೆಂದು ಅವರು ಷರತ್ತು ಹಾಕಿದ್ದರು. ಉತ್ತರಗಳನ್ನು ಕಾರ್ಡುಗಳ ಮೇಲೆ ಬರೆದುಕೊಂಡು ಬಂದು, ಮುಂದೆ ಪೇರಿಸಿದ ಪುಸ್ತಕಗಳ ಮರೆಯಲ್ಲಿಟ್ಟುಕೊಂಡು, ಆಗ ತಾನೆ ಹೊಳೆದವೆಂಬಂತೆ ಓದಿದರು. ಚಹಾದ ಕೆಟಲಿನಲ್ಲಿ ವಿಸ್ಕಿ ಇತ್ತು; ಇನ್ನೂ ಸ್ವಲ್ಪ ಚಹಾ ಬೇಕೆ ಎಂದು ಕೇಳುತ್ತ ಪಿವೊ ಬಗ್ಗಿಸಿ ಕೊಡುತ್ತಿದ್ದರು. ಈ ತಮಾಷೆಯನ್ನು ಎಲ್ಲರೂ ಹೇಳುತ್ತಾರೆ. ಅಂದು ನಡೆದ ಇನ್ನೊಂದು ಮಾತು ಹೆಚ್ಚು ಮುಖ್ಯವಾದುದು. 'ಲೊಲಿತಾ' ಕಾದಂಬರಿಯ ಕೀರ್ತಿಯಿಂದಾಗಿ ಜನ ನಿಮ್ಮನ್ನು ದಾರಿತಪ್ಪಿದ ಹುಡುಗಿಯೊಬ್ಬಳ ಜನಕನೆಂದಷ್ಟೇ ತಿಳಿಯುತ್ತಾರಲ್ಲ ಎಂಬ ಧಾಟಿಯಲ್ಲಿ ಪಿವೊ ಕೇಳಿದರು. ನಬೊಕೊವ್ ತಿದ್ದಿದರು: ಲೊಲಿತಾ ಕೆಟ್ಟ ಹುಡುಗಿಯಲ್ಲ, ಕೆಡಿಸಲ್ಪಟ್ಟ ಬಡಪಾಯಿ ಮಗು, ಮೋಹಿನಿಯೆಂಬವಳು ಇರುವುದು ಅವಳನ್ನು ಹಾಳುಮಾಡಿದ ಆ ಗಂಡಸಿನ ಭ್ರಮೆಯಲ್ಲಿ ಮಾತ್ರ. ಎಪ್ಪತ್ತಾರರ ಹರೆಯದ ಕಾದಂಬರಿಕಾರರು, ಕಾರ್ಡು ನೋಡಿ ಓದಿದ್ದಾದರೂ, ತಮ್ಮ ಕೃತಿಯನ್ನು ಕುರಿತು ಹೇಳಿದ ಈ ಸ್ಪಷ್ಟವಾದ ಮಾತನ್ನು ಕೇಳುಗರು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಂಡಿರಬೇಕು.

ಇಷ್ಟು ಜನಪ್ರಿಯತೆ ಬಂದ ಮೇಲೆ ಅಧಿಕಾರವೂ ಬಂದಿತು. ಅದಕ್ಕೆ ಪಿವೊ ಅವರ ಪ್ರತಿಭೆಯೊಂದೇ ಕಾರಣವಲ್ಲ. 1975ರಲ್ಲಿ ಫ್ರಾನ್ಸಿನಲ್ಲಿದ್ದ ವಾಹಿನಿಗಳು ಮೂರೇ, ಮೂರೂ ಸರಕಾರದವು. ಶುಕ್ರವಾರ ರಾತ್ರಿ ಕೈಯಾಡಿಸಲು ಬೇರೆ ಗುಂಡಿಗಳಿರಲಿಲ್ಲ. ರಾಷ್ಟ್ರಾಧ್ಯಕ್ಷ ಜಿಸ್ಕಾರ್ ದೆಸ್ತಾಂಗ್ ಅವರೇ 1979ರಲ್ಲಿ ಬಂದು ಕಥೆಗಾರ ಮೊಪಾಸಾನನ್ನು ಕುರಿತು ಮಾತಾಡಿದರೆಂದರೆ ಆ ಪೀಠದ ಗೌರವ ತಿಳಿದೀತು. ಪ್ರಕಾಶಕರು ಪಿವೊ ಅವರ ವಿಷಯಗಳಿಗೆ ಹೊಂದುವ ಪುಸ್ತಕಗಳ ಕಡೆಗೆ ಒಂದು ಕಣ್ಣಿಟ್ಟರು. ಕ್ಯಾಮೆರಾದ ಮುಂದೆ ಚೆನ್ನಾಗಿ ಮಾತಾಡುವ ಲೇಖಕರ ಬೆಲೆ ಏರಿತು. 1982ರಲ್ಲಿ, ಅಧ್ಯಕ್ಷ ಮಿತೆರಾಂ ಅವರ ಸಲಹೆಗಾರರಾಗಿದ್ದ ರೆಜಿಸ್ ದೆಬ್ರೆ, ಪುಸ್ತಕಲೋಕದ ಮೇಲೆ ಒಬ್ಬನೇ ಮನುಷ್ಯ ಸರ್ವಾಧಿಕಾರ ನಡೆಸುತ್ತಿದ್ದಾನೆಂದು ಗುಡುಗಿದರು. ದೊಡ್ಡ ಗದ್ದಲವಾಯಿತು, ಅಧ್ಯಕ್ಷರೇ ಆ ಮಾತಿನಿಂದ ದೂರ ಸರಿದು ನಿಂತರು. ದೆಬ್ರೆ ಅವರ ಮಾತಿನಲ್ಲಿ ಸತ್ಯಾಂಶವಿರಲಿಲ್ಲವೆಂದು ನಾನು ಹೇಳಲಾರೆ. ಮೌನವಾಗಿ ಪ್ರತಿಭಟಿಸಿದವರೂ ಉಂಟು. ಜೂಲಿಯೆಂ ಗ್ರಾಕ್ ಎಂಬ ಹಿರಿಯ ಕಾದಂಬರಿಕಾರರು 1951ರಲ್ಲಿ ಗೊಂಕೂರ್ ಬಹುಮಾನವನ್ನೇ ನಿರಾಕರಿಸಿದವರು. ಪಿವೊ ಅವರ ಆಹ್ವಾನವನ್ನೂ ಅವರು ಒಪ್ಪಲಿಲ್ಲ. ಬರೆದವನು ಮುಖ ತೋರಿಸಬೇಕೇಕೆ ಎಂಬುದು ಅವರ ನಿಲುವು.

ಅಧಿಕಾರ ಹೇಗೆ ಕೆಲಸ ಮಾಡುತ್ತಿತ್ತೆಂಬುದಕ್ಕೆ 1983ರ ಮೇ ತಿಂಗಳ ಒಂದು ಸಂಚಿಕೆ ಸಾಕ್ಷಿ. ಇಟಲಿಯ ಮರಿಯಾ ಅಂತೊನಿಯೆತ್ತಾ ಮಾಚೊಕ್ಕಿ ತಮ್ಮ ಆತ್ಮಕಥೆಯೊಂದಿಗೆ ಬಂದಿದ್ದರು. ಹಿಂದೆ ಮಾವೋ ಕಾಲದ ಚೀನಾವನ್ನು ಹಾಡಿ ಹೊಗಳಿ ಪುಸ್ತಕ ಬರೆದು ಪ್ಯಾರಿಸಿನಲ್ಲಿ ಮನ್ನಣೆ ಗಳಿಸಿದವರು ಆಕೆ. ಎದುರಿಗೆ ಸಿಮೋನ್ ಲೇಸ್, ಚೀನೀ ಭಾಷೆಯನ್ನು ಆಳವಾಗಿ ಬಲ್ಲ ಬೆಲ್ಜಿಯಂ ವಿದ್ವಾಂಸರು. ಸಾಂಸ್ಕೃತಿಕ ಕ್ರಾಂತಿಯ ಕ್ರೌರ್ಯವನ್ನು 1971ರಲ್ಲೇ ಬಯಲಿಗೆಳೆದು, ಅದಕ್ಕಾಗಿ ಬೈಗುಳ ತಿಂದವರು. ಲೇಸ್ ದನಿಯೇರಿಸದೆ, ಒಂದೊಂದಾಗಿ ಎಳೆ ಬಿಡಿಸಿ ಆ ಹಳೆಯ ಪುಸ್ತಕದ ಪೊಳ್ಳನ್ನು ತೋರಿಸಿದರು. ಅನಂತರ ಆಕೆಯ ಹೊಸ ಪುಸ್ತಕದ ಮಾರಾಟವೂ ಕುಸಿಯಿತೆಂದು ಪಿವೊ ನೆನಪು ಮಾಡಿಕೊಂಡಿದ್ದಾರೆ. ಇಲ್ಲಿ ನ್ಯಾಯ ನಡೆಯಿತು. ಆದರೆ ನ್ಯಾಯಾಧೀಶರು ಪಿವೊ ಅಲ್ಲ. ಅವರು ಆಸನ ಹಾಕಿಕೊಟ್ಟರು, ಬಲ್ಲವರೊಬ್ಬರು ಬಂದು ಕುಳಿತಿದ್ದರು, ಅಷ್ಟೆ. ಆತಿಥೇಯ ತೀರ್ಪು ಕೊಡುವುದಿಲ್ಲ. ತೀರ್ಪು ಕೊಡಬಲ್ಲವರು ಅತಿಥಿಗಳಲ್ಲಿ ಇದ್ದರೆ ಸಭೆಯ ಪುಣ್ಯ. ಇಲ್ಲದಿದ್ದರೆ?

ಆ ಪ್ರಶ್ನೆ 1990ರ ಮಾರ್ಚ್ 2ರಂದು ಎದುರಾಯಿತು. ಅಂದಿನ ಅತಿಥಿಗಳಲ್ಲಿ ಗಾಬ್ರಿಯೆಲ್ ಮಾತ್ಸ್ನೆಫ್ ಎಂಬ ಲೇಖಕರಿದ್ದರು. ತೀರ ಎಳೆಯ ಹುಡುಗಿಯರೊಡನೆ ತಮ್ಮ ಸಂಬಂಧಗಳನ್ನು ದಿನಚರಿಯ ರೂಪದಲ್ಲಿ ಬರೆದು ಪ್ರಕಟಿಸುತ್ತಿದ್ದವರು. ಅಂದು ತಂದದ್ದೂ ಅಂಥದೇ ಒಂದು ಸಂಪುಟ. ಅವರ ಬರಹಗಳಲ್ಲಿ ಗುಟ್ಟೇನೂ ಇರಲಿಲ್ಲ, ಅಚ್ಚಾಗಿ ಅಂಗಡಿಯಲ್ಲಿತ್ತು. ಪಿವೊ ಅದನ್ನು ಎಂದಿನ ಲವಲವಿಕೆಯಿಂದ, ಚೇಷ್ಟೆಯ ಧಾಟಿಯಲ್ಲಿ ಪರಿಚಯಿಸಿದರು. ಸುತ್ತ ಕುಳಿತವರು ನಕ್ಕರು. ನಗದೆ ಕುಳಿತವರು ಕೆನಡಾದ ಕ್ವೆಬೆಕ್‌ನಿಂದ ಬಂದಿದ್ದ ಲೇಖಕಿ ದೆನೀಸ್ ಬೊಂಬಾರ್ದಿಯೆ ಒಬ್ಬರೇ. ತಮ್ಮ ಸರದಿ ಬಂದಾಗ ಆಕೆ, ಮುದುಕರು ಮಿಠಾಯಿ ತೋರಿಸಿ ಮಕ್ಕಳನ್ನು ಸೆಳೆಯುತ್ತಾರೆ, ಈ ಮಹಾಶಯರು ತಮ್ಮ ಕೀರ್ತಿಯನ್ನು ತೋರಿಸಿ ಸೆಳೆಯುತ್ತಾರೆ ಎಂದುಬಿಟ್ಟರು. ಈ ಹುಡುಗಿಯರ ಗತಿ ಮುಂದೇನಾಯಿತೆಂದು ಕೇಳಿದರು. ಸಾಹಿತ್ಯವೆಂಬುದು ಇಂಥ ಕೃತ್ಯಕ್ಕೆ ನೆಪವಾಗಕೂಡದೆಂದರು. ಸಭೆ ಕ್ಷಣಕಾಲ ಕಸಿವಿಸಿಗೊಂಡಿತು. ಅನಂತರದ ದಿನಗಳಲ್ಲಿ ಪ್ಯಾರಿಸಿನ ಸಾಹಿತ್ಯವಲಯದ ಕೆಲವರು ಹೀಗಳೆದದ್ದು ಆ ಲೇಖಕರನ್ನಲ್ಲ, ಬೊಂಬಾರ್ದಿಯೆ ಅವರನ್ನು. ರಸಜ್ಞತೆಯಿಲ್ಲದ ಪರದೇಶದ ಹೆಂಗಸು ಎಂಬ ಭಾವ.

ದಿನಸಿ ಅಂಗಡಿಯ ಹುಡುಗ ಅಂದು ಎಲ್ಲಿ ಹೋಗಿದ್ದ? ಸಾಮಾನ್ಯ ಓದುಗನ ಪರವಾಗಿ ಕೇಳುತ್ತೇನೆಂದು ಹದಿನೈದು ವರ್ಷ ಕುಳಿತವರು, ಸಾಮಾನ್ಯ ತಂದೆಯೊಬ್ಬ ಕೇಳಬಹುದಾಗಿದ್ದ ಮೊದಲ ಪ್ರಶ್ನೆಯನ್ನೇ ಕೇಳಲಿಲ್ಲ. ಪಿವೊ ಕೆಟ್ಟ ಮನುಷ್ಯರಾಗಿದ್ದರೆಂದು ಇದರ ಅರ್ಥವಲ್ಲ. ಮನೆಗೆ ಕರೆದವರನ್ನು ನೋಯಿಸಬಾರದೆಂಬ ಸೌಜನ್ಯ, ಪುಸ್ತಕದಲ್ಲಿ ಬಂದದ್ದೆಲ್ಲ ಪುಸ್ತಕವೇ ಎಂಬ ನಂಬಿಕೆ, ಮಾತು ಸ್ವಾರಸ್ಯವಾಗಿದ್ದರೆ ಸಾಕೆಂಬ ವೃತ್ತಿಯ ಚಟ, ಇವು ಮೂರೂ ಸೇರಿ ಅವರ ನಾಲಗೆಯನ್ನು ಕಟ್ಟಿದವು. ಜಾಂಕೆಲೆವಿಚ್ ಅವರನ್ನು ಓದುಗರ ಬಳಿಗೆ ತಂದ ಗುಣಗಳೂ ಇವೇ ಎಂಬುದು ನನ್ನನ್ನು ಕಾಡುವ ಸಂಗತಿ. ಅದೇ ಪೀಠದಲ್ಲಿ ಕುಳಿತು ನಬೊಕೊವ್ ಆಡಿದ ಮಾತು ಹದಿನೈದು ವರ್ಷಗಳಲ್ಲಿ ಮರೆತುಹೋಗಿತ್ತು. ಮಗುವಿನ ಕಡೆಯಿಂದ ನೋಡಿರಿ ಎಂದು ಕಾದಂಬರಿಕಾರರು ಕಲ್ಪಿತ ಹುಡುಗಿಯ ಪರವಾಗಿ ಹೇಳಿದ್ದರು. ಈಗ ಮಾತಿಗೆ ಬಂದವರು ಊರಿನಲ್ಲಿ ಓಡಾಡುತ್ತಿದ್ದ ಜೀವಂತ ಹುಡುಗಿಯರು.

ಆ ವರ್ಷದ ಜೂನ್‌ನಲ್ಲಿ ಕಾರ್ಯಕ್ರಮ ನಿಂತಿತು. ಖಾಸಗಿ ವಾಹಿನಿಗಳು ಬಂದು ನೋಡುಗರು ಚದುರಿದ್ದರು. ಪಿವೊ 1991ರಿಂದ 2001ರ ವರೆಗೆ ಪುಸ್ತಕದ ಜೊತೆಗೆ ನಾಟಕ ಸಿನಿಮಾಗಳನ್ನೂ ಸೇರಿಸಿಕೊಂಡು ಇನ್ನೊಂದು ಕಾರ್ಯಕ್ರಮ ನಡೆಸಿದರು. ನಿಮಗೆ ಪ್ರಿಯವಾದ ಪದ ಯಾವುದು, ದೇವರಿದ್ದರೆ ಅವನು ನಿಮಗೆ ಏನು ಹೇಳಬೇಕೆಂದು ಬಯಸುತ್ತೀರಿ ಎಂದು ಮುಂತಾಗಿ ಅತಿಥಿಗಳನ್ನು ಕೊನೆಯಲ್ಲಿ ಅವರು ಕೇಳುತ್ತಿದ್ದ ಪ್ರಶ್ನಾವಳಿಯನ್ನು ಅಮೆರಿಕದ ಜೇಮ್ಸ್ ಲಿಪ್ಟನ್ ತಮ್ಮ ನಟಸಂದರ್ಶನಗಳಿಗೆ ಎರವಲು ಪಡೆದು ಲೋಕಪ್ರಸಿದ್ಧಗೊಳಿಸಿದರು.

ಉಕ್ತಲೇಖನದ ಪ್ರಸಂಗವಂತೂ ಕನ್ನಡ ಮೇಷ್ಟರಾದ ನನ್ನಂಥವರಿಗೆ ಬಹಳ ಪ್ರಿಯವಾದುದು. ನಮ್ಮ ಭಾಷೆಯಲ್ಲಿ ನುಡಿದಂತೆ ಬರೆಯುವುದು ಬಹುಮಟ್ಟಿಗೆ ಸಾಧ್ಯ, ಫ್ರೆಂಚಿನಲ್ಲಿ ಹಾಗಲ್ಲ. ಬರೆದದ್ದರಲ್ಲಿ ಎಷ್ಟೋ ಅಕ್ಷರ ಉಚ್ಚಾರಕ್ಕೇ ಬರುವುದಿಲ್ಲ. ಪಿವೊ ಅವರ ಹೆಸರಿನ ಕೊನೆಯ ಅಕ್ಷರದ ಗತಿಯೂ ಅದೇ. ಆದ್ದರಿಂದ ಉಕ್ತಲೇಖನವೆಂದರೆ ಅಲ್ಲಿನ ಮಕ್ಕಳಿಗೆ ಸಿಂಹಸ್ವಪ್ನ. 1985ರಲ್ಲಿ ಭಾಷಾತಜ್ಞೆ ಮಿಶೆಲೀನ್ ಸೊಮಾಂ ಅವರೊಡಗೂಡಿ ಪಿವೊ ಅದನ್ನೇ ರಾಷ್ಟ್ರೀಯ ಸ್ಪರ್ಧೆಯಾಗಿ ಮಾಡಿದರು. ಬೆಳೆದ ಜನ ಮನೆಯಲ್ಲಿ ದೂರದರ್ಶನದ ಮುಂದೆ ಕಾಗದ ಪೆನ್ಸಿಲ್ ಹಿಡಿದು ಕುಳಿತರು. 1992ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಸಭಾಂಗಣದಲ್ಲೇ ಅಂತಿಮ ಸ್ಪರ್ಧೆ ನಡೆಯಿತು. ನಾಡುಗಳ ಜಗಳ ತೀರಿಸುವ ಸಭಾಭವನದಲ್ಲಿ ಅಂದು ತೀರಿದ್ದು ಕಾಗುಣಿತದ ಜಗಳ.

ಸರಕಾರ ಕೊಡಬಂದ ಲೆಜಿಯನ್ ಆಫ್ ಆನರ್ ಗೌರವವನ್ನು, ಪತ್ರಕರ್ತನಿಗೆ ಅದು ಸಲ್ಲದೆಂದು ಅವರು ಬೇಡವೆಂದರು. 2004ರಲ್ಲಿ ಗೊಂಕೂರ್ ಅಕಾಡೆಮಿಗೆ ಆಯ್ಕೆಯಾದರು. ಕಾದಂಬರಿಕಾರರ ಆ ಪಂಕ್ತಿಗೆ ಪತ್ರಕರ್ತರೊಬ್ಬರು ಕುಳಿತದ್ದು ಹೊಸತು. 2014ರಲ್ಲಿ ಅದರ ಅಧ್ಯಕ್ಷರೂ ಆದರು. ನಡುವೆ, 2012ರಲ್ಲಿ, ಮತ್ತೆ ಕಾದಂಬರಿ ಬರೆದರು. ಪ್ರಶ್ನೆ ಕೇಳುವುದೇ ರೋಗವಾಗಿ ಅಂಟಿಕೊಂಡ ಪತ್ರಕರ್ತನೊಬ್ಬ ಅದರ ನಾಯಕ. ಪ್ರೀತಿಸಿದವರನ್ನೂ ಪ್ರಶ್ನೆಗಳಿಂದ ಸತಾಯಿಸುತ್ತಾನೆ.

2019ರ ಡಿಸೆಂಬರಿನಲ್ಲಿ ಹಳೆಯ ಪ್ರಶ್ನೆಯೊಂದು ಅವರನ್ನೇ ಹುಡುಕಿಕೊಂಡು ಬಂದಿತು. ವನೆಸಾ ಸ್ಪ್ರಿಂಗೊರಾ ಎಂಬವರು 'ಸಮ್ಮತಿ' ಎಂಬ ಪುಸ್ತಕ ಬರೆದಿದ್ದರು. 1980ರ ದಶಕದಲ್ಲಿ, ಐವತ್ತರ ಹರೆಯದ ಮಾತ್ಸ್ನೆಫ್ ಅವರ ಕೈಗೆ ಸಿಕ್ಕಿದಾಗ ಆಕೆಗೆ 14 ವರ್ಷ. ಪುಸ್ತಕ ಇನ್ನೂ ಬಿಡುಗಡೆಯಾಗುವ ಮೊದಲೇ 1990ರ ಆ ಸಂಚಿಕೆಯ ತುಣುಕು ಮನೆಮನೆಯಲ್ಲಿ ಓಡಾಡಿತು. ಆ ನಗು, ಆ ಚೇಷ್ಟೆ, ಒಂಟಿಯಾಗಿ ಮಾತಾಡಿದ ಆ ಹೆಂಗಸು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಸಾಹಿತ್ಯ ನೀತಿಗಿಂತ ಮುಂದಿತ್ತು, ಇಂದು ನೀತಿ ಸಾಹಿತ್ಯಕ್ಕಿಂತ ಮುಂದಿದೆ, ನೀತಿಯ ದೃಷ್ಟಿಯಿಂದ ಇದು ಪ್ರಗತಿ, ನಾವೆಲ್ಲ ನಮ್ಮ ಕಾಲದ ಕೂಸುಗಳು ಎಂದು ಪಿವೊ ಮೊದಲು ಸಮಾಧಾನ ಹೇಳಿದರು. ಇದು ಯಾರಿಗೂ ಒಪ್ಪಿಗೆಯಾಗಲಿಲ್ಲ. ಬೊಂಬಾರ್ದಿಯೆ ಅವರೂ ಅದೇ ಕಾಲದ ಕೂಸು ತಾನೆ? ಕೆಲವು ದಿನಗಳ ಬಳಿಕ ಅವರು ಬೇರೆ ಮಾತಾಡಿದರು. ಅಂದು ಬೇಕಾಗಿದ್ದ ವಿವೇಕವೂ ಮನೋದಾರ್ಢ್ಯವೂ ತಮ್ಮಲ್ಲಿ ಸಾಲದಾಯಿತು, ಆಡಬೇಕಾಗಿದ್ದ ಮಾತುಗಳು ತಮಗೆ ಸಿಕ್ಕಲಿಲ್ಲ, ಅದಕ್ಕಾಗಿ ವಿಷಾದಿಸುತ್ತೇನೆ ಎಂದರು. ಪದಗಳನ್ನೇ ಬದುಕಾಗಿಸಿಕೊಂಡವರ ಬಾಯಲ್ಲಿ ಬಂದ ಮಾತು ಇದು.

ವಯಸ್ಸಿನ ಕಾರಣದಿಂದ ಗೊಂಕೂರ್ ಅಕಾಡೆಮಿಯ ಅಧ್ಯಕ್ಷಸ್ಥಾನವನ್ನು ಬಿಡುವುದಾಗಿ ಅವರು ಈ ಗದ್ದಲಕ್ಕೆ ಮುಂಚೆಯೇ ತಿಳಿಸಿದ್ದರು. ಡಿಸೆಂಬರ್ 31ರಂದು ಅವರ ಅವಧಿ ಮುಗಿಯಿತು. ಎರಡು ದಿನಗಳ ತರುವಾಯ, 2020ರ ಜನವರಿ 2ರಂದು, ಸ್ಪ್ರಿಂಗೊರಾ ಅವರ ಪುಸ್ತಕ ಫ್ರಾನ್ಸಿನ ಅಂಗಡಿಗಳಿಗೆ ಬಂದಿತು. ಅದೇ ತಿಂಗಳು ಪ್ಯಾರಿಸಿನ ಸರಕಾರಿ ಅಭಿಯೋಜಕರು ವಿಚಾರಣೆಯನ್ನು ಆರಂಭಿಸಿದರು.